ಸವತಿಯ ಪದಕದ ಬೆನ್ನು

ಮಂದಾಕಿನಿ ವೈನಿ ಯಾವ ಒಡವೆಯನ್ನೂ ಮೊದಲು ಮುಂದಿನಿಂದ ನೋಡಿದವರಲ್ಲ. ಕೈಗೆ ಬಂದ ಕೂಡಲೇ ಅದನ್ನು ಮಗುಚಿ ಬೆನ್ನು ನೋಡುತ್ತಿದ್ದರು. ಆಮೇಲೆ ಕೊಂಡಿ, ಆಮೇಲೆ ಬೆಸುಗೆ, ಕಟ್ಟಕಡೆಗೆ ಮುಖ. ಹೈದರಾಬಾದಿನ ನಮ್ಮ ಕುಷಾಯಿಗೂಡದ ಗಲ್ಲಿಗೆ ಹೊಸ ಸೊಸೆ ಬಂದಳೆಂದರೆ, ಅತ್ತೆಯಾದವಳು ಏನಾದರೊಂದು ನೆಪ ತೆಗೆದು ಹುಡುಗಿಯನ್ನು ವೈನಿಯ ಮನೆಗೆ ಅರಿಷಿಣ ಕುಂಕುಮಕ್ಕೆ ಕಳಿಸುವಳು. ಬೀಗರು ಹಾಕಿದ್ದು ಅಸಲಿಯೋ ನಕಲಿಯೋ ತಿಳಿಯಲಿ ಅಂತ. ವೈನಿಗೆ ಇದು ಚೆನ್ನಾಗಿ ಗೊತ್ತು. ಹುಡುಗಿಯ ಕೊರಳಿನ ಕಡೆ ಕಣ್ಣೆತ್ತಿಯೂ ನೋಡದೆ, ಸಕ್ಕರೆ ಜಾಸ್ತಿ ಹಾಕಿ ಚಹಾ ಕುಡಿಸಿ ಕಳಿಸುವರು. ಅತ್ತೆ ಬಂದು ಪಿಸುಗುಟ್ಟಿದರೆ, "ನಿಮ್ಮ ಸೊಸಿ ನಗು ಭಾಳ ಖರೇ ಅದರಿ" ಅನ್ನುವರು, ಅಷ್ಟೆ.

ನಾನು ಸುಮತಿ, ಅವರ ಕೆಳಗಿನ ಮನೆಯವಳು. ಗಲ್ಲಿಯವರೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುವಂತೆ ನಾನೂ ಅನ್ನುತ್ತೇನೆ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ದೆವ್ವ, ಗಾಳಿ, ಸೋಕು ಅಂದರೆ ನನಗೆ ಮೈ ಉರಿಯುತ್ತದೆ. ಅಂಥ ಮಾತು ಆಡಿದವರನ್ನು ಸ್ಟಾಫ್ ರೂಮಿನಲ್ಲಿ ನಾನು ಸುಮ್ಮನೆ ಬಿಟ್ಟದ್ದಿಲ್ಲ. ಹಾಗಿದ್ದೂ ವೈನಿಯ ಮನೆಯ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ನಾನೀಗ ಕೂಡುವುದಿಲ್ಲ. ಯಾಕೆ ಅಂತ ಕೇಳಿದರೆ ಈ ಕತೆಯನ್ನೇ ಹೇಳಬೇಕಾಗುತ್ತದೆ.

ವೈನಿಯ ಕಸುಬು ಗಿಲೀಟಿನ, ಅಂದರೆ ಬರೀ ಬಂಗಾರದ ನೀರು ಹಚ್ಚಿದ, ಒಡವೆಗಳನ್ನು ಮದುವೆಗೆ ಬಾಡಿಗೆ ಕೊಡುವುದು. ಮೇಲುಮನೆಯ ನಡುಕೋಣೆ ತುಂಬ ಪ್ಲಾಸ್ಟಿಕ್ ಡಬ್ಬಿಗಳು; ಅವುಗಳಲ್ಲಿ ಕಾಸಿನ ಸರ, ವಂಕಿ, ಸೊಂಟದ ಪಟ್ಟಿ, ಜಡೆಬಿಲ್ಲೆ. ಲಗ್ನದ ದಿನಗಳಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ರಾಶಿ ಬೀಳುತ್ತಿತ್ತು. "ಅಚ್ಚಂ ಬಂಗಾರಂಲಾ ಉಂದಿ ಕದಾ", ಥೇಟ್ ಬಂಗಾರದ ಹಾಗೇ ಇದೆಯಲ್ಲ, ಅಂತ ತೆಲುಗು ಹೆಣ್ಣುಮಕ್ಕಳು ಕನ್ನಡಿಯ ಮುಂದೆ ಹಿಗ್ಗುವರು. ವೈನಿಯೂ ತೆಲುಗಿನಲ್ಲೇ ಹೌದು ಹೌದು ಎಂದು, ಅವರು ಇಳಿದು ಹೋದ ಮೇಲೆ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ ನಿಜ ಹೇಳುವರು.

"ಮುಂದ ಯಾರು ಬೇಕಾದ್ರೂ ಛಂದ ಮಾಡ್ತಾರ, ಸುಮತಿ. ಗಿಲೀಟಿನವ ಮಂದಿಗೆ ಕಾಣೂದಷ್ಟ ತಿಕ್ಕತಾನ. ಖರೇ ಪತ್ತಾರ ಇದ್ರ ಮೈಗೆ ತಾಗೂ ಮಗ್ಗಲಾನೂ ಅಷ್ಟ ನುಣುಪು ಮಾಡ್ತಾನ. ಹಾಕ್ಕೊಂಡಾಕಿಗೆ ತಿಳೀಬೇಕಲ್ಲ, ಬರೇ ನೋಡೋರಿಗಲ್ಲ."

ಒಡವೆಯ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಅವರು ಕಲಿಸಿದ್ದು. ಹರಳು ಅಂಟಿನಲ್ಲಿ ಕೂತಿದೆಯೋ ಬಂಗಾರದ ಹಿಡಿತದಲ್ಲಿ ಕೂತಿದೆಯೋ ಉಗುರು ತಾಗಿಸಿ ನೋಡಬೇಕು. ಮುರಿದರೆ ಬೆಸೆಯಲು ಬರುವಂಥದ್ದು ಒಡವೆ, ಮುರಿದರೆ ಎಸೆಯುವಂಥದ್ದು ವೇಷ. ಅಸಲಿ ಸವೆದರೆ ಒಳಗಿನಿಂದ ಅದೇ ಬರುತ್ತದೆ. ನಕಲಿ ಸವೆದರೆ ಇನ್ನೇನೋ ಬರುತ್ತದೆ. ಇಷ್ಟು ತಿಳಿದ ಹೆಂಗಸು ತನ್ನ ಕೊರಳಲ್ಲೇ ಇದ್ದ ಒಂದು ಚೂರನ್ನು ತಪ್ಪಾಗಿ ಓದಿದರು. ಆ ತಪ್ಪು ಅವರ ಇಡೀ ಸಂಸಾರವನ್ನು ತಿಂದುಹಾಕಿತು ಅಂದರೆ ಹೆಚ್ಚಾಗಲಿಕ್ಕಿಲ್ಲ.

ಅವರ ಕರಿಮಣಿಯ ಜೊತೆಗೆ, ಬೇರೆ ಸರಪಳಿಯಲ್ಲಿ, ಒಂದು ಪದಕ ಇರುತ್ತಿತ್ತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಕೈಮುಗಿದು ನಿಂತ ಹೆಣ್ಣಿನ ರೂಪ ಅದರ ಮೇಲೆ. ಅದು ಸವತಿಯ ಪದಕ. ನಮ್ಮ ರಾಯಚೂರು, ಸುರಪುರದ ಕಡೆ ಹಳೆಯ ಮನೆತನಗಳಲ್ಲಿ ಈ ಪದ್ಧತಿ ಉಂಟು. ಮೊದಲ ಹೆಂಡತಿ ತೀರಿಹೋಗಿ ಎರಡನೆಯವಳು ಬಂದರೆ, ಸತ್ತವಳ ರೂಪವನ್ನು ಬಂಗಾರದಲ್ಲಿ ಮಾಡಿಸಿ ಬಂದವಳ ಕೊರಳಿಗೆ ಕಟ್ಟುತ್ತಾರೆ. ಹೊಸ ಸೀರೆ ತಂದರೆ ಮೊದಲು ಪದಕಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು. ಹಬ್ಬದ ದಿನ ಮೊದಲ ಹೂವು ಆಕೆಗೆ. ಹಾಗೆ ನಡೆದುಕೊಂಡರೆ ಹೋದವಳು ಮುನಿಯುವುದಿಲ್ಲ, ಬಂದವಳ ಸಂಸಾರಕ್ಕೆ ಅಡ್ಡ ಬರುವುದಿಲ್ಲ ಅಂತ ನಂಬಿಕೆ. ಇಬ್ಬರನ್ನು ಕಟ್ಟಿಕೊಂಡ ಗಂಡನ ಕೊರಳಿಗೆ ಮಾತ್ರ ಏನೂ ಇಲ್ಲ. ಆತ ಆರಾಮವಾಗಿ ಶಲ್ಯ ಹೊದ್ದು ಓಡಾಡಬಹುದು. ಇದನ್ನು ನಾನು ವೈನಿಯ ಎದುರಿಗೇ ಅಂದಿದ್ದೆ. ಅವರು ನಗಲಿಲ್ಲ.

ವೈನಿಯ ಗಂಡ ಗುರುರಾಜರು ಇಲ್ಲಿಯ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನೌಕರಿಗಿದ್ದವರು. ಮಾತು ಕಡಿಮೆ. ಮಗಳು ಶರ್ವರಿ ಇನ್ನೂ ತೊದಲುವಾಗಲೇ ಮೊದಲ ಹೆಂಡತಿ ಶೈಲಾ ಜ್ವರದಲ್ಲಿ ಹೋದರು. ವಯಸ್ಸು ಮೀರಿತೆಂದು ತವರಿನಲ್ಲಿ ಎಲ್ಲರೂ ಕೈಬಿಟ್ಟಿದ್ದ ಮಂದಾಕಿನಿ ಆ ಮನೆಗೆ ಎರಡನೆಯವರಾಗಿ ಬಂದರು. ಲಗ್ನದ ದಿನವೇ ಅತ್ತೆ ವಿಶಾಲಾಕ್ಷಿಬಾಯಿ ಈ ಪದಕವನ್ನು ಕಟ್ಟಿ ಹೇಳಿದ್ದರಂತೆ: "ಅಚ್ಚಿನಾಗ ಒತ್ತಿಸಿದ್ದಲ್ಲವಾ ಇದು. ನಮ್ಮ ಗುರು ಶೈಲಾನ ಫೋಟೋ ಒಯ್ದು ಪತ್ತಾರನ ಮುಂದ ಕೂತು ಮಾಡಿಸ್ಯಾನ. ತನ್ನ ಮುಂಜಿವಿ ಉಂಗುರಾನ ಕರಗಿಸ್ಯಾನ. ಮೂಗು ನೋಡು, ಅಕೀದs ಮೊಂಡ ಮೂಗು."

ನಿಜಕ್ಕೂ ಆಗ ಅದರಲ್ಲಿ ಒಂದು ಮೊಂಡು ಮೂಗು ಇತ್ತಂತೆ.

ಮೊದಲ ಬೇಸಿಗೆ ಬಂತು. ಹೈದರಾಬಾದಿನ ಬಿಸಿಲಿಗೆ ಮೈಯೆಲ್ಲ ಬೆವರು. ಒಂದು ದಿನ ಸ್ನಾನಕ್ಕೆ ಹೋದಾಗ ಮಂದಾಕಿನಿ ಕನ್ನಡಿಯಲ್ಲಿ ನೋಡಿಕೊಂಡರೆ ಗಂಟಲ ಗುಣಿಯ ಕೆಳಗೆ ಹಸಿರು ಕಲೆ. ತಿಕ್ಕಿ ತೊಳೆದರು, ಎರಡು ದಿನಕ್ಕೆ ಮತ್ತೆ ಬಂತು. ಪದಕವನ್ನು ಬಿಚ್ಚಿ ಮಗುಚಿದರು. ಬೆನ್ನಿನ ಹಳದಿ ಅಲ್ಲಲ್ಲಿ ಹೋಗಿ ಕೆಂಪಗೆ ತಾಮ್ರ ಕಾಣುತ್ತಿತ್ತು. ಅಂಚಿನಲ್ಲೂ ಕೆಂಪು.

ಅಲ್ಲಿಗೆ ಅವರು ತೀರ್ಪು ಬರೆದುಬಿಟ್ಟರು. ಉಂಗುರ ಕರಗಿಸಿದ್ದು ಸುಳ್ಳು. ಫೋಟೋ ಒಯ್ದದ್ದು ಸುಳ್ಳು. ಸತ್ತ ಹೆಂಡತಿಗೆ ಬಂಗಾರ ಅಂತ ಹೇಳಿ ತಾಮ್ರ ಕೊಟ್ಟಿದ್ದಾರೆ. ಸತ್ತವಳಿಗೇ ಮೋಸ ಮಾಡಿದವರು ಇರುವವಳಿಗೆ ಏನು ಮಾಡಿಯಾರು? ಆದರೆ ಬಾಯಿ ಬಿಡಲಿಲ್ಲ. ಆಗಷ್ಟೇ ಬಂದ ಸೊಸೆ, ಅದೂ ಎರಡನೆಯವಳು. ಕೇಳಿದರೆ ಅತ್ತೆಯ ಮುಂದೆ ಗಂಡನ ಮಾನ ಹೋಗುತ್ತದೆ ಅನ್ನುವುದೊಂದು. ಇನ್ನೊಂದು ಕಾರಣ ಶರ್ವರಿ.

ಆ ಮಗುವಿಗೆ ಅಜ್ಜಿ ಹೇಳಿಕೊಟ್ಟಿದ್ದಳು, ನಿಮ್ಮವ್ವ ಇಲ್ಲೇ ಇದ್ದಾಳೆ, ಈ ಪದಕದಲ್ಲಿ. ಮಂದಾಕಿನಿ ತಲೆಗೆ ಎಣ್ಣೆ ಹಚ್ಚಲು ಬಗ್ಗಿದರೆ ಪದಕ ಮುಂದಕ್ಕೆ ತೂಗುವುದು. ಮಗು ಅದನ್ನು ಹಿಡಿದು ತುಟಿಯ ಹತ್ತಿರ ತಂದುಕೊಂಡು ಅಂದು ಏನು ತಿಂದೆ, ಯಾರ ಜೊತೆ ಜಗಳಾಡಿದೆ ಎಲ್ಲವನ್ನೂ ಹೇಳುವುದು. ಮಾತು ಮುಗಿದ ಮೇಲೆ ಕಿವಿಗೆ ಹಚ್ಚಿಕೊಂಡು ಕೇಳುವುದು. "ಅವ್ವ ಏನಂದಳು?" ಅಂತ ಮಂದಾಕಿನಿ ಕೇಳಿದರೆ, "ನಿನಗ ಹೇಳಬ್ಯಾಡ ಅಂದಾಳ" ಅನ್ನುವುದು. ಮಕ್ಕಳ ಮಾತು, ನಕ್ಕು ಬಿಡಬೇಕು. ಮಂದಾಕಿನಿಗೆ ನಗು ಬರಲಿಲ್ಲ. ತನ್ನ ಕೊರಳಲ್ಲಿ ಕೂತು ಯಾರೋ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆ, ತಮಗೆ ಆದ ಮೋಸವೂ ಅವರಿಗೆ ಗೊತ್ತಿದೆ ಅನ್ನಿಸಿತು.

ಅತ್ತೆಗೆ, ಮಗುವಿಗೆ ತಾಮ್ರ ಕಾಣಬಾರದು ಅಂತ ಅವರು ಪದಕವನ್ನು ಬೇಗಂಬಜಾರಿನ ಗಿಲೀಟಿನವನ ಹತ್ತಿರ ಒಯ್ದರು. ಅವನು ಅದನ್ನು ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ತಿಕ್ಕಿದ, ದ್ರಾವಣದಲ್ಲಿ ಅದ್ದಿದ, ಫಳಫಳ ಹೊಳೆಯುವಂತೆ ಮಾಡಿ ಕೊಟ್ಟ. ಕಾಯುತ್ತ ಕೂತಾಗ ಅಲ್ಲಿ ಮದುವೆಯ ಸೆಟ್ಟುಗಳು ಬರುವುದು ಹೋಗುವುದು ನೋಡಿದರು. ಅವರ ವ್ಯಾಪಾರ ಹುಟ್ಟಿದ್ದು ಆ ಬೆಂಚಿನ ಮೇಲೆ. ಮುಂದೆ ಸೆಟ್ಟುಗಳಿಗೆ ಹೊಸ ಗಿಲೀಟು ಹಾಕಿಸಲು ಹೋದಾಗೆಲ್ಲ ಪದಕವನ್ನೂ ಅವುಗಳ ನಡುವೆ ಸೇರಿಸುವರು. ಬೆನ್ನು ಬೆವರಿಗೆ ಸವೆದು ಮತ್ತೆ ಕೆಂಪಾಗುವುದು, ಮತ್ತೆ ಒಯ್ಯುವರು. ವರ್ಷಗಟ್ಟಲೆ ಹೀಗೇ ನಡೆಯಿತು.

ಆಗ ಶುರುವಾಯಿತು ಇನ್ನೊಂದು. ಪದಕದ ಮುಖ ಮಾಸತೊಡಗಿತು. ಮೊದಲು ಆ ಮೊಂಡು ಮೂಗು ಚಪ್ಪಟೆಯಾಯಿತು. ಆಮೇಲೆ ಕಣ್ಣು ಹೋದವು. ಮುಗಿದ ಕೈ ಉಳಿದಿತ್ತು, ಸೆರಗು ಉಳಿದಿತ್ತು, ನಡುವೆ ಮುಖವಿದ್ದಲ್ಲಿ ನುಣ್ಣನೆಯ ಹಳದಿ. ತಿಕ್ಕಿದರೆ ಸವೆಯುತ್ತದೆ, ಇದರಲ್ಲಿ ಮಾಯೆಯೇನಿದೆ ಅಂತ ನಾನಾಗಿದ್ದರೆ ಅನ್ನುತ್ತಿದ್ದೆ. ದಿನಾ ಗಿಲೀಟಿನ ಜೊತೆ ಬಾಳುವ ವೈನಿಗೂ ಅದು ತಿಳಿಯದ್ದಲ್ಲ. ಆದರೂ ಅವರು ನಂಬಿದ್ದು ಬೇರೆ.

"ಅಕ್ಕ ಮುಖಾ ತಿರಿಗಿಸ್ಲಿಕತ್ತಾರ ಅನಿಸ್ತಿತ್ತು, ಸುಮತಿ," ಎಂದರು ನನ್ನ ಹತ್ತಿರ. ಶೈಲಾಳನ್ನು ಅವರು ಅಕ್ಕ ಎಂದೇ ಕರೆಯುತ್ತಿದ್ದರು. "ಮಧ್ಯಾಹ್ನ ಮನ್ಯಾಗ ಒಬ್ಬಾಕೀನ ಇರ್ತಿದ್ದೆ. ಕುಕ್ಕರಿನ ಮುಂದ ನಿಂತು, 'ಅಕ್ಕಾ, ನಾ ಮಾಡಿದ್ದಲ್ರಿ ಇದು, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ' ಅಂತ ಬೇಡಿಕೊಳ್ತಿದ್ದೆ. ಮೈಮ್ಯಾಲಿದ್ದ ಪದಕ ಬೆಚ್ಚಗಿರಬೇಕಲ್ಲ? ಅದು ತಣ್ಣಗ ಇರ್ತಿತ್ತು."

ಶರ್ವರಿ ದೊಡ್ಡವಳಾದಳು, ಪದಕದ ಜೊತೆ ಮಾತಾಡುವುದನ್ನು ಬಿಟ್ಟಳು. ಅತ್ತೆ ತೀರಿಕೊಂಡರು. ವೈನಿಯ ಮನಸ್ಸಿನ ಮುಳ್ಳು ಮಾತ್ರ ಅಲ್ಲೇ ಇತ್ತು. ಅದು ಕಂಡದ್ದು ಜಗಳದಲ್ಲಲ್ಲ. ಆ ಮನೆಯಲ್ಲಿ ಜಗಳ ನಾನು ಕೇಳಿಯೇ ಇಲ್ಲ. ಗಂಡ ಹೇಳಿದ್ದಕ್ಕೆಲ್ಲ ಹೂಂ ಅನ್ನುವರು, ಆದರೆ ನಂಬುತ್ತಿರಲಿಲ್ಲ. ಪೇಟೆಯಿಂದ ಪೇಡೆ ತಂದರೆ ಅಂಗಡಿಯ ಹೆಸರು ನೋಡುವರು. ಊರಿಗೆ ಹೋಗಿ ಬಂದೆ ಅಂದರೆ ಊರಿಗೆ ಫೋನು ಹಚ್ಚಿ ಬೇರೇನೋ ಮಾತಾಡುತ್ತ ವಿಚಾರಿಸಿಕೊಳ್ಳುವರು.

ನಾನೇ ಕಂಡ ಒಂದು ಸಂಜೆ ಹೇಳುತ್ತೇನೆ. ಗುರುರಾಜರು ನಿವೃತ್ತರಾದ ವಾರ ಅದು. ಎಂದಿನಂತೆ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ನಾನು ಕೊತ್ತಂಬರಿ ಕೇಳಲು ಹೋಗಿದ್ದೆ. ಅವರು ಜೇಬಿನಿಂದ ಸಣ್ಣ ಕೆಂಪು ಡಬ್ಬಿ ತೆಗೆದು ವೈನಿಯ ಕೈಗಿಟ್ಟರು. ಒಳಗೆ ಒಂದು ಜೊತೆ ಬಂಗಾರದ ಓಲೆ. ಅಷ್ಟು ವರ್ಷದಲ್ಲಿ ಅವರು ತಾವಾಗಿ ತಂದದ್ದು ಅದೊಂದೇ ಇರಬೇಕು. ಮುಖ ಕೆಂಪಾಗಿತ್ತು, ಹೊಸ ಮದುಮಗನ ಹಾಗೆ.

"ಛಂದ ಅವ ಇಲ್ಲೋ?" ಎಂದರು.

ವೈನಿ ಓಲೆಯನ್ನು ಮಗುಚಿ ಬೆನ್ನು ನೋಡಿದರು. ತಿರುಪು ಬಿಚ್ಚಿ ಕಡ್ಡಿ ನೋಡಿದರು. ಬೆಳಕಿಗೆ ಹಿಡಿದು ಮುದ್ರೆ ಹುಡುಕಿದರು.

"ಖರೇನ ಅವ ಮಂದಾ," ಅಂದರು ಗುರುರಾಜರು, ಮೆಲ್ಲಗೆ.

"ನಾ ಏನರೆ ಅಂದೆನೇನು?" ಎಂದು ವೈನಿ ಡಬ್ಬಿ ಮುಚ್ಚಿ ಒಳಗೆ ಹೋಗಿ ಕಪಾಟಿನಲ್ಲಿಟ್ಟರು. ಅವನ್ನು ಹಾಕಿಕೊಳ್ಳಲಿಲ್ಲ. ಗುರುರಾಜರು ಪೇಪರು ತೆಗೆದುಕೊಂಡರು. ನಾನು ಕೊತ್ತಂಬರಿ ಕೇಳದೆಯೇ ಇಳಿದು ಬಂದೆ. ಎಂಥ ಕಲ್ಲುಮನಸ್ಸಿನ ಹೆಂಗಸು ಎಂದು ಆ ರಾತ್ರಿ ನನ್ನ ಮನೆಯವರ ಮುಂದೆ ಬೈದೆ ಕೂಡ.

ಎರಡು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಕೂತಲ್ಲೇ ಗುರುರಾಜರು ಹೋದರು. ಎದೆನೋವು ಅಂತ ಹೇಳಲೂ ಇಲ್ಲ. ವೈನಿ ಕರಿಮಣಿ ತೆಗೆದಿಟ್ಟರು. ಪದಕವನ್ನು ಮಾತ್ರ ತೆಗೆಯಲಿಲ್ಲ.

ಈ ವರ್ಷ ಶರ್ವರಿಗೆ ಮದುವೆ ಗೊತ್ತಾಯಿತು. ಹುಡುಗಿ ಮಾದಾಪುರದಲ್ಲಿ ಕೆಲಸ ಮಾಡುತ್ತಾಳೆ, ಹುಡುಗ ಬಾಲಾನಗರದ ಒಂದು ಕಾರ್ಖಾನೆಯಲ್ಲಿ. ನಮ್ಮ ಕಡೆಯ ಮಂಗಳಸೂತ್ರದಲ್ಲಿ ಎರಡು ಬಟ್ಟಲು ಇರುತ್ತವೆ: ಒಂದು ಅತ್ತೆಮನೆಯದು, ಒಂದು ತವರಿನದು. ಒಂದು ಭಾನುವಾರ ಶರ್ವರಿ ವೈನಿಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದವಳು ಪದಕಕ್ಕೆ ಕೈ ಹಾಕಿದಳು.

"ಅಮ್ಮಾ, ಅಪ್ಪ ಹೋದ ಮ್ಯಾಲೆ ನಿನಗಿನ್ನ ಇದರ ಹಂಗಿಲ್ಲ. ನನಗ ಕೊಡು. ಇದನ್ನ ಕರಗಿಸಿ ತವರಿನ ಬಟ್ಟಲ ಮಾಡಿಸ್ಕೋತೀನಿ. ಅವ್ವಂದೂ ಆಗ್ತದ, ಅಪ್ಪಂದೂ ಆಗ್ತದ. ಅಪ್ಪ ತನ್ನ ಉಂಗುರದಾಗ ಮಾಡಿಸಿದ್ದಂತಲ್ಲ."

ಆಮೇಲೆ ಬೆರಳಿನಿಂದ ಸವರುತ್ತ, "ನಾ ಸಣ್ಣಾಕಿ ಇದ್ದಾಗ ಇಲ್ಲೊಂದು ಮೂಗಿತ್ತು" ಅಂದಳು.

ವೈನಿ ಮರುದಿನ ನನ್ನ ಮನೆಗೆ ಬಂದು ಕದ ಹಾಕಿಕೊಂಡರು. ಅಂದೇ ನನಗೆ ಹಸಿರು ಕಲೆ, ಗಿಲೀಟು, ಮುಖ ತಿರುಗಿಸಿದ ಅಕ್ಕ ಎಲ್ಲವೂ ತಿಳಿದದ್ದು.

"ಕರಗಿಸಿದ್ರ ತಾಮ್ರ ಹೊರಗ ಬೀಳ್ತದ. ಅಪ್ಪ ಸುಳ್ಳ ಅಂತ ಮಗಳಿಗೆ ಗೊತ್ತಾಗ್ತದ. ಅಕಿಗೆ ಅಪ್ಪ ಅಂದ್ರ ದೇವರು, ಸುಮತಿ. ಇದ್ದಾಗ ನಾ ಅವರನ್ನ ಕೇಳ್ಲಿಲ್ಲ. ಹೋದ ಮ್ಯಾಲೆ ಮಗಳ ಕಣ್ಣಾಗ ಅವರು ಬೀಳಬಾರದು."

ಅವರ ಲೆಕ್ಕ ಇದು: ತಮ್ಮ ಗಳಿಕೆಯಿಂದ ಅಸಲಿ ಬಂಗಾರದಲ್ಲಿ ಇಂಥದೇ ಇನ್ನೊಂದು ಪದಕ ಮಾಡಿಸಿ ಮಗಳಿಗೆ ಕೊಡುವುದು. ಹಳೆಯದನ್ನು ಕೃಷ್ಣೆಗೆ ಬಿಡುವುದು. ಶೈಲಾಗೂ ಕಡೆಗೆ ನ್ಯಾಯ ಸಿಕ್ಕಂತಾಯಿತು. ನನಗೂ ಅದು ಸರಿ ಕಂಡಿತು. ಸತ್ತವರಿಗೊಂದು ಇದ್ದವರಿಗೊಂದು ಸುಳ್ಳು ಹೇಳಿದ ಗುರುರಾಜರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಜೊತೆಗೆ ನಾನೂ ಹೊರಟೆ.

ಸಿಕಂದರಾಬಾದಿನ ಪಾಟ್ ಮಾರ್ಕೆಟ್ಟಿನಲ್ಲಿ ಯಾದಗಿರಿ ಕಡೆಯ ಒಬ್ಬ ಪತ್ತಾರ ಇದ್ದಾನೆ. ಮಧ್ಯವಯಸ್ಸಿನವ, ಬಾಯಲ್ಲಿ ಸದಾ ಅಡಿಕೆ. ವೈನಿ ಪದಕ ಕೊಟ್ಟು, "ಇದು ಗಿಲೀಟಿಂದು. ಅಳತಿ ತಗೊಂಡು ಬಂಗಾರದಾಗ ಇಂಥಾದ್ದs ಮಾಡಿ ಕೊಡ್ರಿ" ಎಂದರು. ಅವನು ಅಂಚಿನ ಮಡಿಕೆ ಬಿಚ್ಚಿದರೆ ಅಳತೆ ಸರಿಯಾಗಿ ಸಿಗುತ್ತದೆ ಎಂದ. ಬಿಚ್ಚಿರಿ ಅಂದರು ವೈನಿ.

ಪದಕ ಎರಡು ಪದರಿನದು. ಹಿಂದೆ ತಾಮ್ರದ ತಟ್ಟೆ, ಫೋಟೋಕ್ಕೆ ಚೌಕಟ್ಟು ಇರುವಂತೆ ಅದರ ಅಂಚು ಮುಂದಕ್ಕೆ ಮಡಿಚಿಕೊಂಡು ಒಂದು ತೆಳು ಹಾಳೆಯನ್ನು ಹಿಡಿದಿತ್ತು, ನಡುವೆ ಅರಗು. ಪತ್ತಾರ ತುಸು ಕಾಯಿಸಿ ಅರಗು ಬಿಡಿಸಿ ಹಾಳೆಯನ್ನು ಚಿಮಟದಿಂದ ಎತ್ತಿದ. ತಾಮ್ರದ ಮಡಿಕೆಯ ಕೆಳಗೆ ಮುಚ್ಚಿಹೋಗಿದ್ದ ಹಾಳೆಯ ಅಂಚು ಈಗ ಹೊರಗೆ ಬಂತು. ಸುತ್ತಲೂ ಗಸಗಸೆ ಕಾಳಿನಂಥ ಸಣ್ಣ ಗುಂಡುಗಳ ಸಾಲು, ನಿನ್ನೆ ಒತ್ತಿದಷ್ಟು ಚೂಪಾಗಿ. ಅದರ ಬಣ್ಣ ಬೇರೆಯೇ. ವೈನಿಯ ಡಬ್ಬಿಗಳಲ್ಲಿ ನಾನು ನೋಡಿದ ಯಾವ ಹಳದಿಯೂ ಅದಲ್ಲ. ಅಷ್ಟು ನನಗೂ ತಿಳಿಯಿತು.

ಅವನು ಅಂಚಿನಲ್ಲಿ ಒಂದು ಗೀರು ಎಳೆದು ಒರೆಗಲ್ಲಿಗೆ ತಿಕ್ಕಿ ಆಸಿಡ್ ಹನಿ ಹಾಕಿ ನೋಡಿದ. "ಗಿಲೀಟು ಅಲ್ಲರಿ ಅಮ್ಮಾರ. ಹಾಳಿ ಬಂಗಾರ ಐತಿ, ಛಲೋ ಬಂಗಾರ. ಬಂಗಾರ ಮೆತ್ತಗ ಇರತೈತಿ, ಡೊಂಕ ಆಗಬಾರದಂತ ಹಿಂದ ತಾಮ್ರ ಕೊಟ್ಟು ಅದಕ್ಕ ಹಳದಿ ನೀರು ಹಚ್ತೀವಿ. ದೇವರ ಪೆಟ್ಟಿಗ್ಯಾಗಿನ ಟಾಕಿಗೂ ಹಿಂದ ತಾಮ್ರಾನ ಇರ್ತದಲ್ಲರಿ."

ವೈನಿ ಹಾಳೆಯ ಅಂಚಿಗೆ ಉಗುರು ತಾಗಿಸಿ ನೋಡಿದರು.

"ಯಾವನೋ ಇದರ ಮ್ಯಾಲೆ ಗಿಲೀಟು ಹಾಕಿ ಹಾಕಿ ತಿಕ್ಕಿ ಕೆಡಿಸ್ಯಾನ ನೋಡ್ರಿ," ಎಂದು ಪತ್ತಾರ ಹಾಳೆಯನ್ನು ಕಿಟಕಿಗೆ ಹಿಡಿದ. ಮುಖವಿದ್ದ ಜಾಗದಲ್ಲಿ ಬೆಳಕು ಹಾದು ಬಂತು. ಉಳಿದ ಮೈಯೆಲ್ಲ ಕಪ್ಪು, ಮುಗಿದ ಕೈ ಕಪ್ಪು, ಸೆರಗಿನ ನಡುವೆ ಒಂದು ಬೆಳಕಿನ ತೂತು. ಅಲ್ಲಿಂದ ಯಾರೋ ನಮ್ಮನ್ನು ನೋಡುತ್ತಿದ್ದರು ಅಂತ ಗಣಿತದ ಮೇಷ್ಟರಮ್ಮನಾದ ನಾನು ಹೇಳುತ್ತಿದ್ದೇನೆ, ಬೇಕಾದವರು ನಗಲಿ.

"ಹಿಂದಿನ ಮಗ್ಗಲಾ ಬಿಡ್ರಿ. ಈ ಮುಂದಿಂದು ಯಾವತ್ತರ ಕಪ್ಪ ಆಗಿತ್ತೇನ್ರಿ?" ಎಂದು ಅವನು ಸಹಜವಾಗಿ ಕೇಳಿದ.

"ಇಲ್ಲ," ಎಂದರು ವೈನಿ.

ಎಷ್ಟೋ ವರ್ಷ ಮುಖ ಒಮ್ಮೆಯೂ ಕಪ್ಪಾಗಿರಲಿಲ್ಲ. ಬೆನ್ನು ನೋಡುವ ಭರದಲ್ಲಿ ಅವರು ಅದನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಗಾಳಿಗೆ ಇರುವುದಲ್ಲವೇ, ಬೆವರು ತಾಗುವುದಿಲ್ಲ, ಅದಕ್ಕೇ ಅಂದುಕೊಂಡಿದ್ದರಂತೆ. ಅಸಲಿ ಬಂಗಾರವನ್ನು ಒಯ್ದು ಒಯ್ದು ಚಕ್ರಕ್ಕೆ ಕೊಟ್ಟು, ಅದರ ಮೇಲೆ ನಕಲಿ ಹೊಳಪು ಹಚ್ಚಿಸಿ, ಕಡೆಗೆ ತಾವು ಅಂದುಕೊಂಡಿದ್ದೇ ನಿಜವಾಗುವ ಹಾಗೆ ಮಾಡಿದ್ದರು. ಉಳಿದದ್ದರಲ್ಲಿ ಬಟ್ಟಲು ಆಗುವುದಿಲ್ಲ, ಒಂದು ಗುಂಡು ಆದೀತು ಅಂದ ಪತ್ತಾರ.

ಮನೆಗೆ ಬಂದವರೇ ವೈನಿ ಕೈಕಾಲು ತೊಳೆದು ನೆಟ್ಟಗೆ ದೇವರ ಮುಂದೆ ಹೋದರು. ನಮ್ಮಲ್ಲಿ ದೇವರ ಪೆಟ್ಟಿಗೆ ಮುಟ್ಟುವವರು ಗಂಡಸರು, ಅದೂ ಮಡಿಯಲ್ಲಿ. ಹೆಂಗಸರು ಎದುರಿಗೆ ನಿಂತು ಕೈಮುಗಿಯಬೇಕು. ಗುರುರಾಜರು ಹೋದ ಮೇಲೆ ಆ ಪೆಟ್ಟಿಗೆ ಮುಚ್ಚಿಯೇ ಇತ್ತು. ವೈನಿ ಅದನ್ನು ತೆರೆದರು. ಕುಲದೇವಿಯ ಬೆಳ್ಳಿಯ ಟಾಕು, ರೂಪ ಒತ್ತಿದ ಆ ತೆಳು ಬಿಲ್ಲೆಯನ್ನು ಕೈಗೆತ್ತಿಕೊಂಡರು. ದಿನಾ ಬೆಳಿಗ್ಗೆ ಅವರು ನಮಸ್ಕರಿಸಿದ್ದು ಅದಕ್ಕೇ. ಮಗುಚಿದರು.

ಬೆನ್ನು ತಾಮ್ರದ್ದು.

"ಎಲ್ಲಾರದೂ ಬೆನ್ನ ನೋಡಿದೆ," ಅಂದರು. "ಇದೊಂದs ನೋಡಿದ್ದಿಲ್ಲ." ಆಮೇಲೆ ಅಲ್ಲೇ ನೆಲಕ್ಕೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಗುರುರಾಜರು ಹೋದ ದಿನವೂ ಕಂಡಿರಲಿಲ್ಲ.

ನಾನು ವ್ಯವಹಾರದ ಮಾತಾಡಿದೆ. ಹೊಸದು ಮಾಡಿಸಿರಿ, ಶರ್ವರಿಗೆ ಕೊಡಿರಿ, ಬಾಯಿ ಮುಚ್ಚಿಕೊಂಡಿರಿ. ಯಾರಿಗೂ ನಷ್ಟವಿಲ್ಲ, ಅಪ್ಪನ ಮಾನ ಮೊದಲೇ ಉಳಿದಿದೆ. ವೈನಿ ಇಲ್ಲವೆಂದು ತಲೆಯಾಡಿಸಿದರು. "ನಿನ್ನೆ ತನಕಾ ಅವರ ಸಲುವಾಗಿ ಮುಚ್ಚಿಡೋಳಿದ್ದೆ. ಇನ್ನ ಮುಚ್ಚಿಟ್ರ ನನ್ನ ಸಲುವಾಗಿ ಆಗ್ತದ" ಅಂದರು.

ಸಂಜೆ ಶರ್ವರಿ ಮೆಟ್ರೋ ಇಳಿದು ಮನೆಗೆ ಬಂದಳು. ನಾನು ಎದ್ದು ಹೊರಟರೆ ವೈನಿ ನನ್ನ ಸೆರಗು ಹಿಡಿದು ಕೂಡಿಸಿಕೊಂಡರು. ಹಾಳೆಯನ್ನೂ ತಾಮ್ರವನ್ನೂ ಮಗಳ ಮುಂದಿಟ್ಟು ಮೊದಲ ಬೇಸಿಗೆಯ ಕಲೆಯಿಂದ ಹಿಡಿದು ಎಲ್ಲ ಹೇಳಿದರು. ಏನೂ ಮೆತ್ತಗೆ ಮಾಡಲಿಲ್ಲ. "ನಿಮ್ಮಪ್ಪ ಖೋಟಾ ಅಂತ ತಿಳಕೊಂಡು ಬಾಳೇ ಮಾಡಿದೆ. ನಿಮ್ಮವ್ವನ ಮುಖಾ ನಾನs ತಿಕ್ಕಿ ಅಳಿಸಿದೆ. ಬೈಯೋದಿದ್ರ ಬೈ ಶರ್ವರಿ, ಸುಮ್ಮನಿರಬ್ಯಾಡ."

ಶರ್ವರಿ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ಬಾಲ್ಕನಿಗೆ ಹೋದಳು. ಬಹಳ ಹೊತ್ತು ಅಲ್ಲೇ ಬೆನ್ನು ಮಾಡಿ ನಿಂತಳು. ವೈನಿ ಆ ಬೆನ್ನನ್ನೇ ನೋಡುತ್ತ ಕೂತರು. ಒಳಗೆ ಬಂದಾಗ ಹುಡುಗಿಯ ಕಣ್ಣು ಕೆಂಪಾಗಿದ್ದವು.

"ಅಪ್ಪಗ ಗೊತ್ತಿತ್ತು, ನೀ ಇದನ್ನ ಬೇಗಂಬಜಾರಕ್ಕ ಒಯ್ಯೋದು," ಅಂದಳು.

ವೈನಿ ತಲೆಯೆತ್ತಿ ಮಗಳನ್ನು ನೋಡಿದರು.

"ಕಾಲೇಜಿನಾಗ ಇದ್ದಾಗ ನಾ ಕೇಳಿದ್ದೆ, ಅಮ್ಮ ಅದನ್ನ ಪದೇ ಪದೇ ಎಲ್ಲಿ ಒಯ್ತಾಳ ಅಂತ. ಅಪ್ಪ ನಕ್ಕರು. 'ನಿಮ್ಮವ್ವನ್ನ ಬೆಳಗಿಸ್ಕೊಂಡ ಬರ್ಲಿಕ್ಕೆ ಒಯ್ತಾಳವಾ. ತನ್ನದೊಂದು ಬಳಿ ಪಾಲಿಶ್ ಮಾಡಿಸ್ಕೊಂಡಾಕಿ ಅಲ್ಲ, ಶೈಲಾಂದು ಮಾತ್ರ ಮಾಸಗೊಡೂದಿಲ್ಲ. ನನ್ನ ಮ್ಯಾಲೆ ಅಕಿಗೆ ಅಷ್ಟಕ್ಕಷ್ಟs. ಆದ್ರ ಹೋದಾಕಿ ಮ್ಯಾಲೆ ಇಷ್ಟು ಪ್ರೀತಿ ಇದ್ದಾಕಿ ಜೋಡಿ ಬಾಳೇ ಮಾಡೂದೂ ಒಂದು ಪುಣ್ಯಾನ' ಅಂದರು."

ಬೈದಿದ್ದರೆ ಚೆನ್ನಾಗಿತ್ತು. ವೈನಿಗೆ ಏನಾಯಿತೋ ನಾನು ಹೇಳಲಾರೆ. ಅವರು ಬಾಗಿಲ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದರು. ಅವರ ಸಂಶಯವನ್ನು ಆ ಮನುಷ್ಯ ಪ್ರೀತಿ ಅಂತ ತಿಳಿದು, ಅದರ ನೆರಳಿನಲ್ಲೇ ಸಮಾಧಾನವಾಗಿ ಬದುಕಿ ಹೋಗಿದ್ದರು.

ಶೈಲಾಳ ಕಾಟ ಅಲ್ಲಿಗೆ ನಿಂತಿತು. ಅಕ್ಕ ಈಗ ಬರುವುದಿಲ್ಲ ಅನ್ನುತ್ತಾರೆ ವೈನಿ. ಆದರೆ ಅಂದಿನಿಂದ ಅವರು ಮೇಲುಮನೆಯಲ್ಲಿ ಓಡಾಡುವುದೇ ಬೇರೆ ಥರ. ಚಹಾ ಮಾಡಿದರೆ ಎರಡು ಕಪ್ಪು ತೊಳೆಯುತ್ತಾರೆ. ಕುರ್ಚಿಯನ್ನು ಒರೆಸುತ್ತಾರೆ, ಸರಿಸುವುದಿಲ್ಲ. ಒಮ್ಮೆ ನಾನು ಮರೆತು ಅದರಲ್ಲಿ ಕೂಡಲು ಹೋದಾಗ, "ಅಲ್ಲಿ ಬ್ಯಾಡ" ಎಂದರು, ಅಲ್ಲಿ ಜನ ಇದ್ದಾರೆ ಅನ್ನುವ ದನಿಯಲ್ಲಿ.

ಹಾಳೆಯಲ್ಲಿ ಉಳಿದ ಬಂಗಾರ ಒಂದು ಪುಟ್ಟ ಗುಂಡಾಯಿತು. ಹೊಸ ಬಟ್ಟಲಿನ ಪಕ್ಕದಲ್ಲಿ ಶರ್ವರಿ ಅದನ್ನು ಪೋಣಿಸಿಕೊಂಡಳು. ತಾಮ್ರದ ತಟ್ಟೆಯನ್ನು ಏನು ಮಾಡುವುದು ಅಂದರೆ ವೈನಿ ಕೊಡಲಿಲ್ಲ. ಕರಿದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಗಂಟಲ ಗುಣಿಯ ಕೆಳಗೆ ಹಸಿರು ಕಲೆ ಮತ್ತೆ ಬಂದಿದೆ, ಈಗ ತಿಕ್ಕುವುದಿಲ್ಲ.

ಮದುವೆಯ ಬೆಳಿಗ್ಗೆ ಕರೆಯಲು ಮೇಲೆ ಹೋದೆ. ಹೊಸ ಸೀರೆಯ ಸೆರಗನ್ನು ಅಭ್ಯಾಸದಂತೆ ತಾಮ್ರಕ್ಕೆ ಮುಟ್ಟಿಸಿ ಉಟ್ಟಿದ್ದರು. ಕಪಾಟಿನಿಂದ ಕೆಂಪು ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಅವೇ ಓಲೆಗಳು.

"ನೀನs ಹಾಕು, ಸುಮತಿ. ನನ್ನ ಕೈಗೆ ಕೊಡಬ್ಯಾಡ, ಮಗುಚಿಬಿಡ್ತೀನಿ."

ನಾನು ಒಂದೊಂದಾಗಿ ಹಾಕಿ ತಿರುಪು ಬಿಗಿದೆ. ಅವರು ಕನ್ನಡಿಯ ಹತ್ತಿರ ಹೋಗಲಿಲ್ಲ. ಬಾಗಿಲ ಪಕ್ಕದ ಬೆತ್ತದ ಕುರ್ಚಿಯ ಎದುರಿಗೆ ಹೋಗಿ ನಿಂತು, ಸೆರಗು ಸರಿಪಡಿಸಿಕೊಂಡು, ಮುಖವನ್ನು ಸ್ವಲ್ಪ ಈ ಕಡೆ ಸ್ವಲ್ಪ ಆ ಕಡೆ ತಿರುಗಿಸಿದರು.

"ಛಂದ ಅವ ರೀ," ಎಂದರು ಕುರ್ಚಿಗೆ. "ಭಾಳ ಛಂದ ಅವ."

ಕೆಳಗೆ ಕಾರಿನವ ಹಾರ್ನ್ ಹೊಡೆಯುತ್ತಿದ್ದ. ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕಾದು ನಿಂತರು.